ಕೇಳಿ ನೋಡಿ: ಒಬ್ರೇ ಟೆಸ್ಟರ್ ಆಗಿದ್ರೆ ಕಲಿಯೋದು ಯಾರ ಹತ್ರ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್ ಟೆಸ್ಟಿಂಗ್‌ನವರದ್ದೇ. ಹದಿನೈದು ವರ್ಷದಿಂದ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಬೈಸ್ಕೊಂಡೇ ಹೊಟ್ಟೆ ಹೊರ್ಕೊಂಡಿರೋ ನಂಗೆ ಇದು ಹಬ್ಬ. ಡೆವಲಪರ್‌ಗಳು ಬೇಜಾರ್ ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟಿದೀನಿ.

ಪ್ರಶ್ನೆ: ಅಕ್ಕಾರ, ನಾ ಹುಬ್ಬಳ್ಳ್ಯಾಗ ಒಂದು ಸಣ್ಣ ಕಂಪನ್ಯಾಗ ಕೆಲಸ ಮಾಡ್ತೇನ್ರಿ. ಡೆವಲಪರ್ಸ್ ಒಂಬತ್ತ ಮಂದಿ ಅದಾರ, ಟೆಸ್ಟರ್ ನಾ ಒಬ್ಬಾಕೀನ. ಎರಡ ವರ್ಷ ಆತ್ರಿ, ಮೊದಲ್ನೇ ವರ್ಷ ಮಾಡಿದ್ದ ಎರಡನೇ ವರ್ಷನೂ ಮಾಡಾಕತ್ತೀನಿ ಅನಸ್ತೈತಿ. ಕೇಳೂಣಂದ್ರ ಮ್ಯಾಲೂ ಯಾರಿಲ್ಲ ಬಾಜೂಕೂ ಯಾರಿಲ್ಲ. ವಿಡಿಯೋ ನೋಡುವಾಗ ಎಲ್ಲಾ ತಿಳಿತೈತಿ, ಮರುದಿನ ಕೆಲಸಕ್ಕ ಕುಂತ್ರ ಒಂದೂ ನೆನಪಿಗೆ ಬರೂದಿಲ್ಲ. ಏನ್ ಮಾಡ್ಲಿ? (ಹೆಸರು ಬ್ಯಾಡ್ರಿ)

ಉತ್ತರ: ತಂಗೀ, ನಾನು ಬೆಂಗಳೂರು ಸೀಮೆಯವಳು, ಮದುವೆಯಾದ ಹೊಸದರಲ್ಲಿ ಜೋಳದ ರೊಟ್ಟಿ ಬಡಿಯೋ ವಿಡಿಯೋ ಎಷ್ಟು ನೋಡಿದ್ರೂ ನನ್ನ ಕೈಲಿ ಅಂಚು ಒಡೀತಾನೇ ಇತ್ತು, ಕೊನೆಗೆ ಧಾರವಾಡದ ನಮ್ಮತ್ತೆ ಪಕ್ಕದಲ್ಲಿ ನಿಂತು ನೋಡಿ "ನೀರು ಕುದ್ದಿಲ್ಲ, ಅದಕ್ಕ ಹಿಟ್ಟು ಜಿಗಿ ಬಂದಿಲ್ಲ" ಅಂದ್ರು, ಅವತ್ತು ಬಂತು. ವಿಡಿಯೋದವರು ನೀರು ಕಾಯ್ಸಿ ಅಂತ ಹೇಳಿದ್ರು, ಆದ್ರೆ ನನ್ನ ಪಾತ್ರೆ ಒಳಗೆ ಇಣುಕಿ ನೋಡಿರ್ಲಿಲ್ಲ. ನಿಮಗೂ ಬೇಕಾಗಿರೋದು ನಿಮ್ಮ ಪಾತ್ರೆ ಇಣುಕಿ ನೋಡೋ ಒಬ್ರು.

ಇದೇ ಯೋಚನೆ ಮೇಲೆ ಬೆಂಗಳೂರಲ್ಲಿ 2009ರ ಆಗಸ್ಟ್‌ನಲ್ಲಿ ನಾಲ್ಕು ಜನ ಟೆಸ್ಟರ್‌ಗಳು ವೀಕೆಂಡ್ ಟೆಸ್ಟಿಂಗ್ ಅಂತ ಶುರು ಮಾಡಿದ್ರು. ಫೀಸಿಲ್ಲ, ಹಾಲ್ ಇಲ್ಲ, ರಜಾ ದಿನ ಆಗಿನ ಸ್ಕೈಪ್‌ನಲ್ಲಿ ಸೇರೋದು, ಒಂದು ಸಾಫ್ಟ್‌ವೇರ್ ಕೊಟ್ಟು ಇದನ್ನ ಈ ಉದ್ದೇಶಕ್ಕೆ ಪರೀಕ್ಷೆ ಮಾಡಿ ಅನ್ನೋದು, ಸುಮಾರು ಒಂದು ಗಂಟೆ ಎಲ್ರೂ ಅವರವರ ಮನೇಲಿ ಕೂತು ಟೆಸ್ಟ್ ಮಾಡೋದು, ಆಮೇಲೆ ಇನ್ನೊಂದು ಗಂಟೆ ಯಾರು ಏನು ಮಾಡಿದ್ರಿ, ಯಾಕೆ ಅದನ್ನೇ ಮಾಡಿದ್ರಿ, ಏನು ಬಿಟ್ರಿ ಅಂತ ಮಾತಾಡೋದು. ಇಷ್ಟೇ, ಇದೇ ಮುಂದಿನ ವರ್ಷ ಯೂರೋಪು ಅಮೆರಿಕಾಗೂ ಹಬ್ಬಿತು. ನನ್ನ ಕೇಳಿದ್ರೆ ಆ ಎರಡನೇ ಗಂಟೆನೇ ಅಸಲು. ಬಗ್, ಅಂದ್ರೆ ಸಾಫ್ಟ್‌ವೇರ್‌ನಲ್ಲಿರೋ ತಪ್ಪು, ಸಿಕ್ಕಿದ್ದು ಎಲ್ರಿಗೂ ಕಾಣುತ್ತೆ, ಬಗ್ ಹೇಗೆ ತಪ್ಪಿಸ್ಕೊಂಡು ಹೋಯ್ತು ಅನ್ನೋದು ಇನ್ನೊಬ್ರ ಮುಂದೆ ಬಾಯ್ಬಿಟ್ಟು ಹೇಳೋವಾಗ್ಲೇ ನಮಗೇ ಗೊತ್ತಾಗೋದು.

ಜೊತೆಗೆ ಟೆಸ್ಟರ್ರೇ ಬೇಕು ಅಂತಿಲ್ಲ. ನಿಮ್ಮ ಆಫೀಸಲ್ಲಿ ಕಸ್ಟಮರ್ ಫೋನ್ ಎತ್ತೋರು ಒಬ್ರು ಇರ್ತಾರಲ್ಲ, ಅವರ ಪಕ್ಕ ವಾರಕ್ಕೆ ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ. ಜನ ಯಾವ ಬಟನ್ ಹುಡುಕಿ ಒದ್ದಾಡ್ತಾರೆ ಅನ್ನೋದು ಯಾವ ಕೋರ್ಸಲ್ಲೂ ಬರಲ್ಲ. ಇನ್ನೊಂದು, ಡೆವಲಪರ್‌ಗಳಲ್ಲಿ ಸ್ವಲ್ಪ ಸಮಾಧಾನಿ ಒಬ್ರನ್ನ ಹಿಡ್ಕೊಂಡು ಈ ಆಟ ಆಡಿ: ಬಾಹುಗಳ ಉದ್ದ ಅಂತ ಮೂರು ಸಂಖ್ಯೆ ತಗೊಂಡು, ಅದು ಸಮಬಾಹು ತ್ರಿಕೋನನಾ, ಎರಡು ಬಾಹು ಸಮ ಇರೋದಾ, ಮೂರೂ ಬೇರೆಬೇರೆನಾ ಅಂತ ಹೇಳೋ ಒಂದು ಪ್ರೋಗ್ರಾಂ ಇದೆ ಅನ್ಕೊಳ್ಳಿ. ಏನೇನು ಕೊಟ್ಟು ನೋಡ್ತೀರಿ? ಇಬ್ರೂ ಬೇರೆಬೇರೆ ಹಾಳೇಲಿ ಬರೀರಿ, ಆಮೇಲೆ ಅದಲುಬದಲು ಮಾಡ್ಕೊಳ್ಳಿ. ಗ್ಲೆನ್‌ಫೋರ್ಡ್ ಮೈಯರ್ಸ್ 1979ರಲ್ಲಿ ಟೆಸ್ಟಿಂಗ್ ಬಗ್ಗೆ ಬರೆದ ಪುಸ್ತಕ ಶುರುವಾಗೋದೇ ಈ ಲೆಕ್ಕದಿಂದ, ಒಳ್ಳೇ ಅನುಭವ ಇರೋ ಪ್ರೋಗ್ರಾಮರ್‌ಗಳಿಗೂ ಅವರ ಪಟ್ಟೀಲಿರೋ 14 ಅಂಶಕ್ಕೆ ಸರಾಸರಿ 7.8 ಬರುತ್ತೆ ಅಂತ ಅದರಲ್ಲಿ ಬರೆದಿದಾರೆ. 3, 4, 5 ಎಲ್ರೂ ಬರೀತಾರೆ. 1, 2, 3 ಕೊಟ್ರೆ ತ್ರಿಕೋನನೇ ಆಗಲ್ಲ, ಅದು ಕೆಲವರಿಗೆ ಹೊಳೆಯುತ್ತೆ. 3, 3, 4 ಬರೆದೋರು 3, 4, 3 ಮತ್ತೆ 4, 3, 3 ಬರೆಯೋದು ಮರೀತಾರೆ. ಸೊನ್ನೆ, ಮೈನಸ್, ಎರಡೇ ಸಂಖ್ಯೆ ಕೊಟ್ಟು ಎಂಟರ್ ಒತ್ತೋದು, ಹೀಗೆ ಪಟ್ಟಿ ಬೆಳೆಯುತ್ತೆ. ನಾನು ಮೊದಲ ಸಲ ಮಾಡಿದಾಗ ಆರಕ್ಕೇ ನಿಂತಿದ್ದೆ, ನಾಚ್ಕೆ ಏನಿಲ್ಲ.

ಪ್ರಶ್ನೆ: ಮಗ ಬಿಎಸ್ಸಿ ಮುಗಿಸಿದಾನೆ. ಟೆಸ್ಟಿಂಗ್ ಸರ್ಟಿಫಿಕೇಟ್ ಮಾಡಿದ್ರೆ ಕೆಲಸ ಗ್ಯಾರಂಟಿ ಅಂತ ಒಂದು ಇನ್‌ಸ್ಟಿಟ್ಯೂಟ್‌ನವರು ದೊಡ್ಡ ಮೊತ್ತ ಕೇಳ್ತಿದಾರೆ. ಕಟ್ಟೋದಾ ಮೇಡಂ? (ಒಬ್ಬ ತಂದೆ, ದಾವಣಗೆರೆ)

ಉತ್ತರ: ಗ್ಯಾರಂಟಿ ಅನ್ನೋ ಮಾತು ಬಂದ ತಕ್ಷಣ ಎದ್ದು ಬನ್ನಿ ಸರ್. ಅವರು ಹೇಳ್ತಿರೋದು ಬಹುಶಃ ಐಎಸ್‌ಟಿಕ್ಯೂಬಿ ಫೌಂಡೇಷನ್ ಪರೀಕ್ಷೆ ಇರ್ಬೇಕು. ಟೆಸ್ಟರ್‌ಗಳಿಗೆ ಸರ್ಟಿಫಿಕೇಟ್ ಕೊಡೋ, 2002ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಸಂಸ್ಥೆ ಅದು, ಪರೀಕ್ಷೆ ಕಷ್ಟದ್ದೇನಲ್ಲ, 40 ಪ್ರಶ್ನೆ, 60 ನಿಮಿಷ, 26 ಸರಿ ಆದ್ರೆ ಪಾಸು, ಪರೀಕ್ಷೆ ಭಾಷೆ ಮಾತೃಭಾಷೆ ಅಲ್ಲದೋರಿಗೆ ಇನ್ನೂ 15 ನಿಮಿಷ ಸಿಗುತ್ತೆ. ಸಿಲಬಸ್ ಪೂರ್ತಿ ಪುಕ್ಕಟೆ ಡೌನ್‌ಲೋಡ್ ಮಾಡ್ಕೋಬೋದು, ಮನೇಲಿ ಓದ್ಕೊಂಡು ನೇರ ಪರೀಕ್ಷೆ ಬರೀಬೋದು. ಕೆಲವು ಕಂಪನಿಗಳು ಕೇಳ್ತಾವೆ, ಹಾಗಾಗಿ ಬೇಡ ಅನ್ನಲ್ಲ, ಎಲ್ರೂ ಬಳಸೋ ಶಬ್ದಗಳ ಪರಿಚಯಾನೂ ಆಗುತ್ತೆ. ಆದ್ರೆ ನಾನು ಇಂಟರ್‌ವ್ಯೂ ತಗೊಳ್ಳೋವಾಗ ಆ ಕಾಗದಕ್ಕಿಂತ "ನೀನೇ ಹುಡುಕಿದ ಒಂದು ಬಗ್ ತೋರ್ಸಪ್ಪ" ಅಂತೀನಿ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡಕ್ಕೂ ಬಗ್‌ಜಿಲ್ಲಾ ಅಂತ ಬಗ್ ದಾಖಲಿಸೋ ವೆಬ್‌ಸೈಟ್ ಇದೆ, ಯಾರು ಬೇಕಾದ್ರೂ ಅಕೌಂಟ್ ಮಾಡ್ಕೊಂಡು ಬಗ್ ಹಾಕ್ಬೋದು, ಅಲ್ಲಿ ಗೊತ್ತಿರೋರು ತಿರುಗಿ ಪ್ರಶ್ನೆ ಕೇಳ್ತಾರೆ, ಯಾವ ವರ್ಷನ್ನು, ಏನೇನು ಒತ್ತಿದೆ, ಮತ್ತೆ ಮಾಡಿದ್ರೂ ಬರುತ್ತಾ ಅಂತ. ಮೊದಲೆರಡು ಸಲ ಅವಮಾನ ಆದಂಗೆ ಅನ್ಸುತ್ತೆ ಮಗನಿಗೆ, ಆಗ್ಲಿ ಬಿಡಿ.

ಪ್ರಶ್ನೆ: ಮೈಸೂರಲ್ಲಿ ಟೆಸ್ಟರ್‌ಗಳ ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಇನ್ನೂರು ಜನ ಇದೀವಿ, ಗುಡ್ ಮಾರ್ನಿಂಗ್ ಮತ್ತೆ ಜಾಬ್ ಓಪನಿಂಗ್ ಬಿಟ್ರೆ ಏನೂ ಇಲ್ಲ.

ಉತ್ತರ: ಇನ್ನೂರು ಜನರ ಮುಂದೆ "ನಂಗೆ ಇದು ಗೊತ್ತಿಲ್ಲ" ಅಂತ ಯಾರು ಬರೀತಾರೆ ಹೇಳಿ. ಆರು ಜನ ಒಂದು ಹೋಟ್ಲಲ್ಲಿ ಕೂತ್ಕೊಳ್ಳಿ. 2009ರಲ್ಲಿ ಅಮೆರಿಕಾದ ಸಿಯಾಟಲ್‌ನಲ್ಲಿ ಲೀನ್ ಕಾಫಿ ಅಂತ ಒಂದು ಪದ್ಧತಿ ಹುಟ್ಟಿತು, ಭಾಷಣಕಾರರಿಲ್ಲ, ಅಜೆಂಡಾ ಇಲ್ಲ, ಬಂದೋರೇ ಚೀಟೀಲಿ ವಿಷಯ ಬರೆದಿಡೋದು, ವೋಟ್ ಹಾಕೋದು, ಜಾಸ್ತಿ ವೋಟ್ ಬಿದ್ದ ಚೀಟಿ ಮೇಲೆ ಐದೋ ಎಂಟೋ ನಿಮಿಷ ಮಾತು, ಟೈಮ್ ಮುಗಿದಾಗ ಮುಂದುವರ್ಸೋದಾ ಬಿಡೋದಾ ಅಂತ ಕೈ ಎತ್ತಿ ಕೇಳೋದು. ಮೈಸೂರಿನೋರಿಗೆ ಕಾಫಿ ಬಗ್ಗೆ ಸಿಯಾಟಲ್‌ನೋರು ಹೇಳ್ಕೊಡ್ಬೇಕಾಗಿ ಬಂದದ್ದು ಬೇರೆ ಮಾತು. ಒಂದೇ ಎಚ್ಚರಿಕೆ, ಆಫೀಸಿನ ಸ್ಕ್ರೀನ್‌ಶಾಟ್, ಕಸ್ಟಮರ್ ಡೇಟಾ ಟೇಬಲ್ ಮೇಲೆ ಬರಬಾರದು, ಮತ್ತೆ ಅಭ್ಯಾಸಕ್ಕೆ ಅಂತ ಬೇರೆಯವರ ಲೈವ್ ಸೈಟ್ ಮೇಲೆ ಲೋಡ್ ಟೆಸ್ಟ್ (ಎಷ್ಟು ಭಾರ ತಡೆಯುತ್ತೆ ಅಂತ ಒಂದೇ ಸಲ ರಾಶಿ ರಿಕ್ವೆಸ್ಟ್ ಕಳ್ಸೋದು) ಬಿಡೋಕೆ ಹೋಗ್ಬೇಡಿ, ಪೊಲೀಸ್ ಸ್ಟೇಷನ್‌ನಲ್ಲಿ ಕೂರ್ಬೇಕಾದೀತು.

ಪ್ರಶ್ನೆ: ಅಕ್ಕಾ, ನಂದು ಕನ್ನಡ ಮೀಡಿಯಂ. ಮೀಟಪ್‌ಗೆ ಹೋದ್ರೆ ಎಲ್ಲಾ ಇಂಗ್ಲಿಷ್, ಬಾಯೇ ಬರಲ್ಲ, ಹಿಂದಿನ ಸಾಲಲ್ಲಿ ಕೂತು ಬಿಸ್ಕತ್ತು ತಿಂದು ಬರ್ತೀನಿ. (ತುಮಕೂರು)

ಉತ್ತರ: ಬಿಸ್ಕತ್ತು ತಿನ್ನಿ, ತಪ್ಪಿಲ್ಲ, ನಾನೂ ಮೂರು ವರ್ಷ ಅದನ್ನೇ ಮಾಡಿದ್ದು. ಆದ್ರೆ ಮುಂದಿನ ಸಲ ಒಂದು ಚಿಕ್ಕ ಡೆಮೋ ತಗೊಂಡು ಹೋಗಿ, ಅಲ್ಲಿರೋ ಇಂಗ್ಲಿಷ್ ಮೀಡಿಯಂನೋರಿಗೆ ಅದು ಹೊಳೆಯೋದು ಕಷ್ಟ. ಒಂದು ಫಾರಂನಲ್ಲಿ ಹೆಸರಿನ ಜಾಗಕ್ಕೆ ಹತ್ತೇ ಅಕ್ಷರ ಅಂತ ಮಿತಿ ಇದೆ ಅನ್ಕೊಳ್ಳಿ, ಅಲ್ಲಿ ಲಕ್ಷ್ಮೀನಾರಾಯಣ ಅಂತ ಟೈಪ್ ಮಾಡಿ. ನಮ್ಮ ಕಣ್ಣಿಗೆ ಅದು ಆರೇ ಅಕ್ಷರ. ಕಂಪ್ಯೂಟರ್‌ಗೆ ಒತ್ತು, ಗುಣಿತದ ಚಿಹ್ನೆ ಎಲ್ಲಾ ಬೇರೆಬೇರೆ, ಎಲ್ಲಾ ಭಾಷೆ ಅಕ್ಷರಗಳಿಗೂ ನಂಬರ್ ಕೊಡೋ ಯೂನಿಕೋಡ್ ಲೆಕ್ಕದಲ್ಲಿ 13. ಮಿತಿ ಹತ್ತಕ್ಕೆ ಕತ್ತರಿಸಿದ್ರೆ ಉಳಿಯೋದು ಲಕ್ಷ್ಮೀನಾರ. ಯಾರೋ ಒಬ್ರು ಹಿರಿಯರು ರೇಷನ್ ಕಾರ್ಡ್ ಹಿಡ್ಕೊಂಡು ನನ್ನ ಹೆಸರು ಹಿಂಗ್ಯಾಕೆ ಅಂತ ಕೌಂಟರ್‌ನಲ್ಲಿ ನಿಂತಿರೋದನ್ನ ಯೋಚನೆ ಮಾಡಿ. ಸ್ತ್ರೀ ಅನ್ನೋದು ನಮಗೆ ಒಂದಕ್ಷರ, ಒಳಗಡೆ ಆರು, ಆ ನಂಬರ್‌ಗಳನ್ನ ಉಳಿಸಿಡೋ ಯುಟಿಎಫ್-8 ಪದ್ಧತೀಲಿ ಇಟ್ರೆ 18 ಬೈಟ್. ಇಂಗ್ಲಿಷ್ ಎಸ್ಸೆಮ್ಮೆಸ್ 160 ಅಕ್ಷರ ಹಿಡಿಸುತ್ತೆ, ಕನ್ನಡದ್ದು 70ಕ್ಕೇ ಮುಗೀತು, ಅದೂ ಒತ್ತು ಗುಣಿತ ಸೇರಿಸಿ 70, ಆಮೇಲೆ ಎರಡನೇ ಮೆಸೇಜ್ ಆಗುತ್ತೆ, ದುಡ್ಡೂ ಎರಡರದ್ದು. ಇನ್ನೊಂದು ನನಗೆ ತುಂಬಾ ಇಷ್ಟದ್ದು, ರ‍್ಯಾಂಕ್ ಅಂತ ಸರಿಯಾಗಿ ಬರೀಬೇಕಂದ್ರೆ ರ ಆದ್ಮೇಲೆ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಕಾಣದ ಅಕ್ಷರ ಎಲ್ಲಾ ಕಸ ಅಂತ ಯಾರಾದ್ರೂ ಡೆವಲಪರ್ ಗುಡಿಸಿ ಹಾಕಿದ್ರೆ ಅದು ಅರ್ಕಾವತ್ತು ಬಂದು ರ್ಯಾಂಕ್ ಆಗಿ ಕೂರುತ್ತೆ. ನಮ್ಮ ಟೀಮಲ್ಲಿ ಇದನ್ನ ಬಗ್ ಅಂತ ಹಾಕಿದಾಗ "ಎರಡೂ ಒಂದೇ ತರ ಕಾಣುತ್ತಲ್ಲ" ಅಂತ ಕ್ಲೋಸ್ ಮಾಡಿದ್ರು, ಕನ್ನಡ ಓದೋಕೆ ಬರದೋರಿಗೆ ಒಂದೇ ತರಾನೇ ಕಾಣುತ್ತೆ, ಅವರ ತಪ್ಪಲ್ಲ. ದೊಡ್ಡದಾಗಿ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು ತೋರ್ಸಿದ ಮೇಲೆ ರೀಓಪನ್ ಆಯ್ತು. ಇಷ್ಟನ್ನ ಕನ್ನಡ ಇಂಗ್ಲಿಷ್ ಬೆರಕೆ ಮಾಡಿ ಐದು ನಿಮಿಷ ಹೇಳಿ, ಪ್ರಶ್ನೆ ಕೇಳೋಕೆ ನಿಮ್ಮ ಸುತ್ತ ಜನ ನಿಲ್ತಾರೆ, ಆಮೇಲೆ ಗ್ರಾಮರ್ ಯಾರು ನೋಡ್ತಾರೆ.

ಪ್ರಶ್ನೆ: ಎಐ ಟೂಲೇ ಟೆಸ್ಟ್ ಕೇಸ್ ಬರೆದು ಕೊಡುತ್ತೆ, ಇನ್ನು ಗುಂಪು ಕಟ್ಕೊಂಡು ಕಲಿಯೋದ್ಯಾಕೆ?

ಉತ್ತರ: ಕೆಲಸ ಉಳಿಯುತ್ತಾ ಹೋಗುತ್ತಾ ಅಂತ ಹೇಳೋಕೆ ನಾನು ಜ್ಯೋತಿಷಿ ಅಲ್ಲ. ನಮ್ಮಲ್ಲಿ ಬಾಡಿಗೆ ರಸೀದಿ ಆಪ್‌ಗೆ ಏನೇನು ಪರೀಕ್ಷೆ ಮಾಡ್ಬೇಕು ಅಂತ ಎಐ ಕೈಲಿ ಬರೆಸಿ ನೋಡಿದ್ವಿ, ಉದ್ದ ಪಟ್ಟಿ ಬಂತು, ಚೆನ್ನಾಗೇ ಇತ್ತು, ಆದ್ರೆ ಬಾಡಿಗೆದಾರ ತಿಂಗಳ ಮಧ್ಯೆ ಮನೆ ಖಾಲಿ ಮಾಡಿದ್ರೆ ಅಡ್ವಾನ್ಸ್ ಏನಾಗುತ್ತೆ ಅನ್ನೋದು ಅದರಲ್ಲಿರ್ಲಿಲ್ಲ, ಅದನ್ನ ಕೇಳಿದ್ದು ನಮ್ಮ ಅಕೌಂಟ್ಸ್ ಸೆಕ್ಷನ್‌ನಲ್ಲಿ ಬಾಡಿಗೆ ಮನೇಲಿರೋ ಹುಡುಗ. ನಿಮ್ಮ ಟೂಲ್ ಬರೆದ ಪಟ್ಟಿ ಪ್ರಿಂಟ್ ತೆಗೆದು ಮೂರು ಜನ ಕೂತು ಇದರಲ್ಲಿ ಏನಿಲ್ಲ ಅಂತ ಹತ್ತು ನಿಮಿಷ ಹುಡುಕಿ, ಸಿಕ್ಕಿದ್ದನ್ನ ನಂಗೂ ಕಳ್ಸಿ, ಕಂಪನಿ ಹೆಸರು ಅಳಿಸಿ.