ಸ್ಕ್ರಮ್ ಬಾಯಿಪಾಠ ಆಗಿದೆ, ಕೆಲಸ ಮಾತ್ರ ಆಗ್ತಿಲ್ಲ

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿ. ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಮಾಡಿ ತೋರಿಸುತ್ತಾ ಹೋಗುವ ಅಜೈಲ್ ಪದ್ಧತಿ, ಅದರಲ್ಲಿ ಒಂದು ಬಗೆಯಾದ ಸ್ಕ್ರಮ್, ಎರಡರ ಪಾಠವನ್ನೂ ಮುಗಿಸಿದ್ದೇನೆ. ಸ್ಪ್ರಿಂಟ್ (ಕೆಲಸದ ಒಂದು ಸಣ್ಣ ಅವಧಿ), ಬ್ಯಾಕ್‌ಲಾಗ್ (ಮಾಡಬೇಕಾದ ಕೆಲಸಗಳ ಪಟ್ಟಿ) ಅಂತ ಏನು ಕೇಳಿದರೂ ಹುಡುಗರು ಪುಟಗಟ್ಟಲೆ ಬರೆಯುತ್ತಾರೆ. ಪ್ರಾಜೆಕ್ಟ್ ಕೊಟ್ಟರೆ ಮಾತ್ರ ಕೊನೆಯ ವಾರದವರೆಗೂ ಸುಮ್ನೆ ಇದ್ದು, ಆಮೇಲೆ ತಂಡದಲ್ಲಿ ಒಬ್ಬರೇ ನಿದ್ದೆಗೆಟ್ಟು ಕೋಡ್ ಬರೆದು ತರುತ್ತಾರೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ಪಾಠದಲ್ಲಿ ಅಲ್ಲ ಮೇಡಂ, ಪ್ರಾಜೆಕ್ಟ್ ಕೊಟ್ಟ ರೀತಿಯಲ್ಲಿ. ಮೊದಲ ದಿನವೇ ಪೂರ್ತಿ ಬರೆದುಕೊಟ್ಟ ವಿಷಯ, ಕೊನೆಯಲ್ಲಿ ಒಂದೇ ಗಡುವು, ಒಂದೇ ಡೆಮೊ. ಇದು ಅಪ್ಪಟ ವಾಟರ್‌ಫಾಲ್, ಅಂದರೆ ಎಲ್ಲವನ್ನೂ ಮೊದಲೇ ನಿಗದಿ ಮಾಡಿ ಕೊನೆಯಲ್ಲಷ್ಟೇ ಫಲ ನೋಡುವ ಪದ್ಧತಿ ಅಲ್ವಾ? ಹುಡುಗರು ನಿಮ್ಮ ಪಾಠ ಬಿಟ್ಟು ನಿಮ್ಮ ನಿಯಮ ಪಾಲಿಸಿದ್ದಾರೆ, ಅಷ್ಟೇ.

ಮೊದಲು ಒಂದು ಆಟ ಆಡಿಸಿ. ನಾಲ್ಕು ಜನರನ್ನು ಸಾಲಾಗಿ ಕೂರಿಸಿ 20 ನಾಣ್ಯ ಕೊಡಿ. ಮೊದಲನೆಯವರು ಇಪ್ಪತ್ತನ್ನೂ ಒಂದೊಂದಾಗಿ ತಿರುವಿ ಹಾಕಿ, ಆಮೇಲೆ ಒಟ್ಟಿಗೆ ಪಕ್ಕದವರಿಗೆ ದಾಟಿಸಲಿ, ಉಳಿದವರೂ ಹಾಗೇ ಮಾಡಲಿ. ಒಂದು ನಾಣ್ಯಕ್ಕೆ ಒಂದು ಸೆಕೆಂಡ್ ಅಂದುಕೊಂಡರೆ ಕೊನೆಯವರ ಕೈ ದಾಟುವಷ್ಟರಲ್ಲಿ 80 ಸೆಕೆಂಡ್. ಈಗ ಐದೈದಾಗಿ ದಾಟಿಸಲು ಹೇಳಿ, 35 ಸೆಕೆಂಡಿಗೆ ಮುಗಿಯುತ್ತದೆ. ಒಂದೊಂದಾಗಿ ದಾಟಿಸಿದರೆ 23. ಯಾರೂ ಕೈ ಜೋರು ಮಾಡಿಲ್ಲ, ನೋಡಿ! ಅದಕ್ಕಿಂತ ಮುಖ್ಯ, ಸಾಲಿನ ಕೊನೆಯಲ್ಲಿ ನಾಣ್ಯಕ್ಕೆ ಕಾಯುವ ಒಬ್ಬ ಗಿರಾಕಿ ಇದ್ದಾರೆ ಅಂದುಕೊಳ್ಳಿ, ಮೊದಲ ಸಲ 80 ಸೆಕೆಂಡ್ ಕಾದ ಅವರಿಗೆ ಈಗ ನಾಲ್ಕೇ ಸೆಕೆಂಡಿಗೆ ಒಂದು ನಾಣ್ಯ ಕೈಗೆ ಸಿಕ್ಕಿದೆ, ಅದು ಬೇಡ ಅನ್ನಿಸಿದರೆ ಅಲ್ಲೇ ಹೇಳಬಹುದು. ದಾಟಿಸುವುದಕ್ಕೂ ಸಮಯ ಹಿಡಿಯುವುದರಿಂದ ನಿಜವಾಗಿ ಆಡುವಾಗ ಅಂಕಿ ಸ್ವಲ್ಪ ಜಾಸ್ತಿ ಬರುತ್ತದೆ, ಅದನ್ನೂ ಚರ್ಚೆಗೆ ಬಿಡಿ. ಸಣ್ಣ ತುಂಡು ಯಾಕೆ ಅನ್ನೋದು ಅವರಿಗೇ ಹೊಳೆಯುತ್ತದೆ, ಸ್ಲೈಡ್ ಬೇಕಿಲ್ಲ.

ಆಮೇಲೆ ಪ್ರಾಜೆಕ್ಟ್. ಹತ್ತು ವಾರ ಇದ್ದರೆ ಎರಡೆರಡು ವಾರದ ಐದು ಸ್ಪ್ರಿಂಟ್ ಮಾಡಿ. ಪ್ರತಿ ಸ್ಪ್ರಿಂಟ್ ಕೊನೆಗೂ ಓಡುವ ಏನಾದರೂ ತೋರಿಸಲೇಬೇಕು, ಲಾಗಿನ್ ಪುಟ ಒಂದೇ ಆದರೂ ಸರಿ, ಆದರೆ "ಡೇಟಾಬೇಸ್ ಮುಗಿದಿದೆ, ಸ್ಕ್ರೀನ್ ಆಮೇಲೆ" ಅನ್ನೋದನ್ನು ಲೆಕ್ಕಕ್ಕೇ ತಗೋಬೇಡಿ. ಏನು ಬೇಕು, ಯಾವುದು ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ನೀವೇ ಆಗಿ. ಮೂರನೇ ಸ್ಪ್ರಿಂಟಿಗೆ ಯಾವ ಸೂಚನೆಯನ್ನೂ ಕೊಡದೆ ಒಂದು ಬೇಡಿಕೆ ಬದಲಿಸಿಬಿಡಿ. ಬೈಕೊಳ್ಳುತ್ತಾರೆ, ಬೈಕೊಳ್ಳಲಿ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಕೂತು ಅಜೈಲ್ ಮ್ಯಾನಿಫೆಸ್ಟೊ ಬರೆದಾಗ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಹೆಚ್ಚು ಅಂದರು. ಆ ಸಾಲು ಪರೀಕ್ಷೆಯಲ್ಲಿ ಬರೆಯೋಕೆ ಸುಲಭ. ಎರಡು ವಾರ ಕೂತು ಬರೆದ ಕೋಡ್ ಕಿತ್ತು ಹಾಕುವಾಗಲೇ ಅದರ ಬಿಸಿ ಗೊತ್ತಾಗೋದು.

ರೆಟ್ರೋಸ್ಪೆಕ್ಟಿವ್ ಮಾತ್ರ ಬಿಡಬೇಡಿ, ಅಂದರೆ ಸ್ಪ್ರಿಂಟ್ ಮುಗಿದ ಮೇಲೆ ಹೇಗೆ ಕೆಲಸ ಮಾಡಿದೆವು ಅಂತ ತಂಡ ಕೂತು ಹಿಂತಿರುಗಿ ನೋಡೋದು. ಎಲ್ಲರೂ ಮೊದಲು ಬಿಡೋದು ಅದನ್ನೇ. "ಇನ್ನೂ ಚೆನ್ನಾಗಿ ಮಾತಾಡಿಕೊಳ್ಳುತ್ತೇವೆ" ಅಂತ ಬರೆದು ಕೊಟ್ಟರೆ ವಾಪಸ್ ಕಳಿಸಿ. ಮುಂದಿನ ಸ್ಪ್ರಿಂಟಿನಲ್ಲಿ ಮಾಡಿ ತೋರಿಸಬಹುದಾದ ಒಂದೇ ಒಂದು ಬದಲಾವಣೆ ಸಾಕು. ಉದಾಹರಣೆಗೆ, ಯಾರ ಕೋಡ್ ಆದರೂ ಇನ್ನೊಬ್ಬರು ಓದಿದ ಮೇಲೇ ಸೇರಿಸೋದು. ಎರಡು ವಾರ ಬಿಟ್ಟು ನೆನಪಿಟ್ಟು ಕೇಳಿ, ಮಾಡಿದ್ರಾ ಅಂತ.

ಪ್ರಶ್ನೆ: ನಾನು ವಿದ್ಯಾರ್ಥಿ. ನಮಗೆ ಲ್ಯಾಬ್ ಇರೋದು ವಾರಕ್ಕೆ ಎರಡೇ ದಿನ. ದಿನಾ ಸ್ಟ್ಯಾಂಡ್‌ಅಪ್, ಅಂದ್ರೆ ಕೆಲಸ ಎಲ್ಲಿಗೆ ಬಂತು ಅಂತ ತಂಡದ ಸಣ್ಣ ಸಭೆ, ಮಾಡಬೇಕಂತೆ. ನಿನ್ನೆ ಏನು ಮಾಡಿದೆ ಅಂದ್ರೆ ಎಲ್ಲರದೂ "ಏನೂ ಇಲ್ಲ". ಇದು ನಾಟಕ ಅಲ್ವಾ?

ಉತ್ತರ: ನಾಟಕವೇ. ಲ್ಯಾಬ್ ಇದ್ದ ದಿನ ಶುರುವಿನಲ್ಲಿ ಮಾಡಿ, ಸಾಕು. ಸ್ಕ್ರಮ್‌ನ ನಿಯಮಗಳ ಕೈಪಿಡಿ ಸ್ಕ್ರಮ್ ಗೈಡ್ 15 ನಿಮಿಷ ಅಂತ ಹೇಳುತ್ತದೆ, ಐದು ಜನಕ್ಕೆ ಅಷ್ಟೂ ಬೇಡ. ನಿನ್ನೆ, ಇವತ್ತು, ಅಡ್ಡಿ ಅಂತ ಮೂರು ಪ್ರಶ್ನೆ ಕೇಳಲೇಬೇಕು ಅಂತಲೂ ಇಲ್ಲ, 2020ರ ಆವೃತ್ತಿಯಲ್ಲಿ ಅವನ್ನು ತೆಗೆದೇ ಹಾಕಿದ್ದಾರೆ. ಅದರ ಬದಲು ಗೋಡೆಯ ಮೇಲೆ ಮೂರು ಕಾಲಂ ಬರೆದು ಚೀಟಿ ಅಂಟಿಸಿ: ಮಾಡಬೇಕಾದ್ದು, ನಡೀತಿರೋದು, ಮುಗಿದದ್ದು. ನಡುವಿನ ಕಾಲಂನಲ್ಲಿ ಒಟ್ಟು ಮೂರೇ ಚೀಟಿ ಇರಬೇಕು ಅಂತ ಕಟ್ಟು ಹಾಕಿಕೊಳ್ಳಿ. ಆಗ ಮಾತು ಜನರ ಬಗ್ಗೆ ಹೋಗೋದಿಲ್ಲ, ಎರಡು ವಾರದಿಂದ ಅಲ್ಲಾಡದೆ ಕೂತ ಚೀಟಿಯ ಬಗ್ಗೆ ಹೋಗುತ್ತದೆ. ಕೈ ಖಾಲಿ ಇದ್ದವರು ಹೊಸದು ಎತ್ತಿಕೊಳ್ಳೋ ಹಾಗಿಲ್ಲ, ಆ ಚೀಟಿಗೇ ಕೈ ಹಾಕಬೇಕು. ಕೆಲಸ ತಪ್ಪಿಸಿಕೊಂಡು ಕೂತವರು ಹೇಗೂ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಯಾವ ತಂಡ ಜಾಸ್ತಿ ಸ್ಟೋರಿ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಅಂತ ಹಾಕುವ ಅಂದಾಜು ಅಂಕಿ) ಮುಗಿಸಿತು ಅಂತ ನೋಡಿ ಅಂಕ ಕೊಡಬಹುದಾ?

ಉತ್ತರ: ಬೇಡವೇ ಬೇಡ. ಪಾಯಿಂಟ್ ಹಾಕುವವರು ಅವರೇ. ಅಂಕ ಕೊಡ್ತೀರಿ ಅಂತ ಗೊತ್ತಾದ ಮರುದಿನವೇ ಮೂರರ ಕೆಲಸ ಎಂಟು ಆಗಿರುತ್ತದೆ.