ಸೌಂದರ್ಯ ಸ್ಪರ್ಧೆಗೆ ಹೋದರೆ ಡಾಕ್ಟರ್ ಓದು ಕೆಡುತ್ತದೆಯೇ?

ಬೆಳಗಾವಿಯಲ್ಲಿ ಎಂಬಿಬಿಎಸ್ ಓದುತ್ತಿರುವ ತಂಗಿ ಸೌಂದರ್ಯ ಸ್ಪರ್ಧೆಗೆ ಹೋಗಬಹುದೇ ಎಂದು ಕೇಳಿದ್ದೀರಿ. ಅವಳಿಗೆ ರೀಟಾ ಫಾರಿಯಾ ಕತೆ ಹೇಳಿ. ರೀಟಾ ಅವರ ತಂದೆತಾಯಿ ನಮ್ಮ ಚೋರ್ಲಾ ಘಾಟಿನಾಚೆಯ ಗೋವಾ ಮೂಲದವರು, ಹುಟ್ಟಿದ್ದು ಮುಂಬೈಯಲ್ಲಿ. ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1966ರಲ್ಲಿ ಲಂಡನ್ನಿನಲ್ಲಿ ಮಿಸ್ ವರ್ಲ್ಡ್ ಆದರು. ಇಡೀ ಏಷ್ಯಾಕ್ಕೇ ಅದು ಮೊದಲ ಮಿಸ್ ವರ್ಲ್ಡ್ ಕಿರೀಟ. ಅಂದು ಉಟ್ಟ ಸೀರೆ ಕೂಡ ಕಡ ತಂದದ್ದು! ಒಂದು ವರ್ಷ ಕಿರೀಟದ ಕೆಲಸ ಮುಗಿಸಿ, ಸಿನಿಮಾ, ಮಾಡೆಲಿಂಗ್ ಎರಡನ್ನೂ ಬೇಡವೆಂದು ಮತ್ತೆ ಪುಸ್ತಕ ಹಿಡಿದರು. ಡಾಕ್ಟರ್ ಆದರು, 1971ರಲ್ಲಿ ಡಾಕ್ಟರ್ ಡೇವಿಡ್ ಪೊವೆಲ್ ಅವರನ್ನೇ ಮದುವೆಯಾಗಿ ಮುಂದೆ ಡಬ್ಲಿನ್ನಿನಲ್ಲಿ ನೆಲೆಸಿದರು. ನನಗೆ ಆ ಕಿರೀಟಕ್ಕಿಂತ ಈ ಗಟ್ಟಿತನವೇ ದೊಡ್ಡದು. ತಂಗಿ ಧೈರ್ಯವಾಗಿ ಹೋಗಲಿ. ಸಹಿ ಹಾಕುವ ಮುನ್ನ ಮಾತ್ರ ಸ್ಪರ್ಧೆಯ ಒಪ್ಪಂದದ ಅವಧಿಯನ್ನೂ ಪರೀಕ್ಷೆಯ ತಾರೀಖುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.