ಅಜ಼ಕೆರು: ಗೇಲಿಯಲ್ಲ, ಹೀಯಾಳಿಕೆ

ಪ್ರಶ್ನೆ: ಜಪಾನಿ ಭಾಷೆಯ ಅತ್ಯುನ್ನತ ಹಂತವಾದ ಎನ್1 ಪರೀಕ್ಷೆಗೆ ಓದುತ್ತಿದ್ದೇನೆ. ‘ಅಜ಼ಕೆರು’ (ಹೀಯಾಳಿಸು) ಕ್ರಿಯಾಪದದ ‘ತೆ’ ರೂಪ, ಅಂದರೆ ಮುಂದಿನ ಮಾತಿಗೆ ಜೋಡಿಸುವ ರೂಪ, ಅಜ಼ಕೆತೆಯೋ, ಅಜ಼ಕೆತ್ತೆಯೋ? ಗೆಳೆಯರನ್ನು ಕಿಚಾಯಿಸುವುದಕ್ಕೂ ಈ ಪದ ನಡೆಯುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಅಜ಼ಕೆತ್ತೆಯೇ ಸರಿ. ‘ಎರು’ ಎಂದು ಮುಗಿಯುವುದೆಲ್ಲ, ಕೊನೆಯ ‘ರು’ ತೆಗೆದು ‘ತೆ’ ಹಚ್ಚುವ ‘ತಬೆರು’ (ತಿನ್ನು) ಗುಂಪಿಗೆ ಸೇರುವುದಿಲ್ಲ. ಇದು ಗೊದಾನ್, ಅಂದರೆ ಮೊದಲ ಗುಂಪಿನದು: ಅಜ಼ಕೆರಿಮಸು, ಅಜ಼ಕೆರನೈ, ಅಜ಼ಕೆತ್ತ. ಒದೆಯುವುದಕ್ಕಿರುವ ‘ಕೆರು’ ಕೂಡ ಹೀಗೇ: ಕೆರಿಮಸು, ಕೆರನೈ, ಕೆತ್ತೆ. ಅದರ ಹಿಂದೆ ‘ಅಜ಼’ ಅಂಟಿಸಿ ಹೇಳಿಕೊಳ್ಳಿ, ನಾಲಿಗೆಗೆ ಕೂರುತ್ತದೆ. (ಎರಡೂ ಪದಗಳಿಗೆ ನಂಟಿದೆ ಎಂದಲ್ಲ, ನೆನಪಿಗೊಂದು ಉಪಾಯ ಅಷ್ಟೇ.) ದಾರಿ ತಪ್ಪಿಸುವುದು ಕರ್ಮಣಿ ರೂಪ. ಯಾವ ಗುಂಪಿನ ನಿಯಮ ಹಾಕಿದರೂ ಅಜ಼ಕೆರರೆರು ಎಂದೇ ಬರುತ್ತದೆ, ಗುಂಪು ಯಾವುದೆಂದು ಅದರಿಂದ ತಿಳಿಯದು. ‘ನೈ’ ರೂಪ (ನಿಷೇಧ ರೂಪ) ನೋಡಿಯೇ ತೀರ್ಮಾನಿಸಿ.

ಯಾವುದನ್ನು ಹೀಯಾಳಿಸುತ್ತಾರೋ ಅದಕ್ಕೆ ‘ಒ’ ಪ್ರತ್ಯಯ: ‘ಹಿತೊ ನೊ ಶಿಪ್ಪೈ ಒ ಅಜ಼ಕೆರು’, ಇನ್ನೊಬ್ಬರ ಸೋಲನ್ನು ಹೀಯಾಳಿಸು. ಕರ್ಮಣಿಯಲ್ಲಿ ಹೀಯಾಳಿಸಿದವರಿಗೆ ‘ನಿ’: ‘ಮಿನ್ನ ನಿ ಅಜ಼ಕೆರರೆತ’, ಎಲ್ಲರಿಂದ ಹೀಯಾಳಿಸಿಕೊಂಡೆ.

ಗೆಳೆಯರ ಮೇಲೆ ಮಾತ್ರ ಇದನ್ನು ಬಳಸಬೇಡಿ. ಕಿಚಾಯಿಸುವುದಕ್ಕೆ ‘ಕರಕೌ’ ಇದೆ. ಸಿಟ್ಟಿನಲ್ಲಿ ‘ನನ್ನನ್ನೇನು ಆಡಿಕೊಳ್ತೀಯಾ’ ಎನ್ನಬೇಕಾದರೆ ಜನ ಬಳಸುವುದು ‘ಬಕ ನಿ ಸುರು’. ಅಜ಼ಕೆರು ಬರಹದ ಪದ. ಅದರಲ್ಲಿ ತಿರಸ್ಕಾರವೂ ಬೆರೆತಿದೆ, ಮಾತಿನ ನಡುವೆ ತಂದರೆ ಕಾದಂಬರಿಯ ಸಾಲು ಓದಿದಂತಿರುತ್ತದೆ.

ಪರೀಕ್ಷೆಯಲ್ಲಿ ಇದರ ಪಕ್ಕದಲ್ಲೇ ಇಡಬಹುದಾದ ಪದಗಳು ಎರಡು. ‘ಸಗೆಸುಮು’ ಎಂದರೆ ಕೀಳಾಗಿ ಕಾಣುವುದು. ಬಾಯಿ ಬಿಡಬೇಕಿಲ್ಲ, ಒಂದು ನೋಟ ಸಾಕು. ‘ಅನದೊರು’ ಎಂದರೆ ಹಗುರವಾಗಿ ಎಣಿಸುವುದು. ‘ಅನದೊರೆನೈ ಐತೆ’ ಎಂದರೆ ಲಘುವಾಗಿ ಎಣಿಸಲಾಗದ ಎದುರಾಳಿ, ಒಂದು ಬಗೆಯ ಹೊಗಳಿಕೆಯೇ. ಅಲ್ಲಿ ಅಜ಼ಕೆರು ಹೊಂದುವುದೇ ಇಲ್ಲ.

ಇನ್ನು ಇದರ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರ. 15 ಗೆರೆ, ಎಡಕ್ಕೆ ‘ಬಾಯಿ’, ಬಲಕ್ಕೆ ‘ಬೆಳಗು’. ಬೆಳಗಿನಲ್ಲಿ ಅರ್ಥ ಹುಡುಕಬೇಡಿ, ಅದು ಬಂದಿರುವುದು ‘ಚೋ’ ಎಂಬ ಉಚ್ಚಾರಕ್ಕಾಗಿ. ‘ಚೋಶೋ’ (ಅಪಹಾಸ್ಯದ ನಗೆ), ‘ಜಿಚೋ’ (ತನ್ನನ್ನೇ ಹೀಯಾಳಿಸಿಕೊಳ್ಳುವುದು) ಪದಗಳಲ್ಲಿರುವುದೂ ಇದೇ ಅಕ್ಷರ. ದಿನಬಳಕೆಯ ಕಾಂಜಿಗಳ ಅಧಿಕೃತ ಪಟ್ಟಿಯಾದ ಜೋಯೋ ಕಾಂಜಿ ಪಟ್ಟಿಗೆ ಇದು ಸೇರಿದ್ದು 2010ರಲ್ಲಿ. ಇದರ ಬೆನ್ನಿಗೇ ‘ನಗು’ವಿನ ಕಾಂಜಿ, ಕೊನೆಗೆ ಹಿರಗಾನದ (ಉಚ್ಚಾರ ಬರೆಯುವ ಲಿಪಿಯ) ‘ಉ’ ಕಂಡರೆ ಅದು ಅಜ಼ಕೆರು ಅಲ್ಲ. ‘ಅಜ಼ವರೌ’ ಎಂದು ಓದಿ. ಹೀಯಾಳಿಸಿ ನಗು ಎಂದರ್ಥ.